ಟೆಕ್ಸ್ಟ್ ಬಾಕ್ಸ್ ಜಾಗ ಬಿಟ್ಟು ಹೋಗುತ್ತಿದೆಯೇ? ಲಾಕ್ ಮಾಡುವ ಮೊದಲು ದೋಷ ಹುಡುಕುವ ಬಗೆ

ಸೆಪ್ಟೆಂಬರ್ ಹತ್ತಿರ ಬಂತೆಂದರೆ ಕೋಲಾರದ ಡಿಟಿಪಿ ಅಂಗಡಿಗಳಲ್ಲಿ ಹಾಲಿನ ಡೇರಿ ಸೆಕ್ರೆಟರಿಗಳ ಓಡಾಟ ಜೋರು. ವಾರ್ಷಿಕ ಮಹಾಸಭೆಯ ನೋಟಿಸು ತಯಾರಾಗಬೇಕು, ಸದಸ್ಯರ ಕೈ ಸೇರಬೇಕು. ಹೋದ ವರ್ಷದ ಮೈಕ್ರೋಸಾಫ್ಟ್ ವರ್ಡ್ ಫೈಲನ್ನೇ ತೆರೆದು ದಿನಾಂಕ ತಿದ್ದಿ, ವಿಷಯಸೂಚಿಗೆ ಎರಡು ಸಾಲು ಸೇರಿಸುತ್ತಾರೆ. ಅಷ್ಟಕ್ಕೇ ಬಲಮೂಲೆಯಲ್ಲಿದ್ದ ‘ಸದಸ್ಯರ ಹೆಸರು, ಸದಸ್ಯತ್ವ ಸಂಖ್ಯೆ’ ಬಾಕ್ಸು ಕೆಳಗಿಳಿದು ಅಕ್ಷರಗಳ ಮೇಲೆ ಕೂರುತ್ತದೆ. ಮುಳಬಾಗಿಲು ಕಡೆಯ ಮೇಷ್ಟ್ರಿಗೆ ಪ್ರಶ್ನೆಪತ್ರಿಕೆಯ ನೋಂದಣಿ ಸಂಖ್ಯೆಯ ಚೌಕಗಳು ಇದೇ ಕಾಟ ಕೊಡುತ್ತವೆ, ಟೊಮ್ಯಾಟೊ ಮಂಡಿಯವರಿಗೆ ಪಟ್ಟಿಯ ಮೇಲಿನ ನಂಬರ್ ಬಾಕ್ಸು. ಎಲ್ಲರೂ ಕೇಳುವುದು ಒಂದನ್ನೇ: ‘ಇದನ್ನ ಲಾಕ್ ಮಾಡಿಕೊಡಿ ಸಾರ್, ಅಲ್ಲಾಡಬಾರದು.’

ವರ್ಡ್‌ನಲ್ಲಿ ಟೆಕ್ಸ್ಟ್ ಬಾಕ್ಸಿನ ಜಾಗಕ್ಕೆ ಬೀಗ ಹಾಕುವ ಒಂದೇ ಬಟನ್ ಇಲ್ಲ. ‘ಲಾಕ್ ಆಂಕರ್’ ಎಂಬುದೊಂದು ಇದೆ. ಅದಕ್ಕೆ ಟಿಕ್ ಹಾಕಿದ ಮೇಲೂ ಬಾಕ್ಸನ್ನು ಮೌಸಿನಿಂದ ಎಳೆದರೆ ಅದು ಸಲೀಸಾಗಿ ಬರುತ್ತದೆ. ಆಗ ಜನ ವರ್ಡ್ ಕೆಟ್ಟಿದೆ, ವೈರಸ್ ಬಂದಿದೆ, ಹೊಸದಾಗಿ ಹಾಕಿಸಬೇಕು ಎಂದುಕೊಳ್ಳುತ್ತಾರೆ. ಏನೂ ಕೆಟ್ಟಿರುವುದಿಲ್ಲ. ಬಾಕ್ಸು ಜಾಗ ಬಿಡುವುದಕ್ಕೆ ನಾಲ್ಕೈದು ಬೇರೆ ಬೇರೆ ಕಾರಣಗಳಿವೆ, ಒಂದೊಂದಕ್ಕೂ ಬೇರೆ ಪರಿಹಾರ. ಕಾರಣ ಗೊತ್ತಾಗದೆ ಸಿಕ್ಕ ಕಡೆ ಟಿಕ್ ಹಾಕುತ್ತಾ ಹೋದರೆ ಫೈಲು ಇನ್ನಷ್ಟು ಗೋಜಲಾಗುತ್ತದೆ. ಹಾಗಾಗಿ ಮೊದಲು ಪತ್ತೆ, ಆಮೇಲೆ ಬೀಗ.

ಆಂಕರ್ ಎಲ್ಲಿದೆ ನೋಡಿ

ಫೈಲಿನ ಒಂದು ನಕಲು ಮಾಡಿಕೊಂಡು ಆ ನಕಲಿನ ಮೇಲೆ ಕೆಲಸ ಮಾಡಿ. ಹೋಮ್ ಟ್ಯಾಬಿನಲ್ಲಿ ಪ್ಯಾರಾ ಗುರುತಿನ ಬಟನ್ ಒತ್ತಿ, ಅಥವಾ ಕಂಟ್ರೋಲ್, ಶಿಫ್ಟ್, 8 ಮೂರನ್ನೂ ಒಟ್ಟಿಗೆ ಒತ್ತಿ. ಸ್ಪೇಸು, ಎಂಟರ್ ಎಲ್ಲದರ ಗುರುತುಗಳು ಕಾಣುತ್ತವೆ. ಈಗ ಬಾಕ್ಸಿನ ಅಂಚಿನ ಗೆರೆಯ ಮೇಲೆ ಕ್ಲಿಕ್ ಮಾಡಿ. ಪುಟದ ಎಡಗಡೆ, ಯಾವುದೋ ಒಂದು ಪ್ಯಾರಾದ ಪಕ್ಕದಲ್ಲಿ ಹಡಗಿನ ಲಂಗರಿನ ಆಕಾರದ ಸಣ್ಣ ಚಿಹ್ನೆ ಬರುತ್ತದೆ. ಅದೇ ಆಂಕರ್. ಕಾಣದಿದ್ದರೆ ಫೈಲ್, ಆಪ್ಷನ್ಸ್, ಡಿಸ್‌ಪ್ಲೇ ಒಳಗೆ ಹೋಗಿ ‘ಆಬ್ಜೆಕ್ಟ್ ಆಂಕರ್ಸ್’ ಮುಂದೆ ಟಿಕ್ ಹಾಕಿ.

ತೇಲುವ, ಅಂದರೆ ಸಾಲಿನೊಳಗೆ ಕೂರದೆ ಪುಟದ ಮೇಲೆ ಎಲ್ಲಿ ಬೇಕಾದರೂ ಇಡಬಹುದಾದ, ಪ್ರತಿಯೊಂದು ಬಾಕ್ಸೂ ಒಂದಲ್ಲ ಒಂದು ಪ್ಯಾರಾಕ್ಕೆ ಕಟ್ಟಿಕೊಂಡೇ ಇರುತ್ತದೆ. ಗೂಟಕ್ಕೆ ಕಟ್ಟಿದ ಹಸುವಿನಂತೆ: ಗೂಟ ಕಿತ್ತು ಬೇರೆ ಕಡೆ ನೆಟ್ಟರೆ ಹಸುವೂ ಅಲ್ಲಿಗೇ ಹೋಗಬೇಕು. ‘ಲಾಕ್ ಆಂಕರ್’ ಮಾಡುವುದು ಗೂಟವನ್ನು ಭದ್ರಪಡಿಸುವ ಕೆಲಸ ಮಾತ್ರ, ಹಗ್ಗದುದ್ದಕ್ಕೆ ಹಸು ಸುತ್ತುವುದನ್ನು ಅದು ತಡೆಯುವುದಿಲ್ಲ. ಇದೊಂದು ತಲೆಯಲ್ಲಿ ನಿಂತರೆ ಮುಂದಿನದೆಲ್ಲ ಸುಲಭ.

ಒಂದು ಡೇರಿ ನೋಟಿಸಿನಲ್ಲಿ ನಾನು ನೋಡಿದ್ದು ಹೀಗಿತ್ತು. ಬಾಕ್ಸು ಇರುವುದು ಪುಟದ ಮೇಲ್ತುದಿಯ ಬಲಮೂಲೆಯಲ್ಲಿ. ಅದರ ಅಂಚು ಕ್ಲಿಕ್ ಮಾಡಿದರೆ ಆಂಕರ್ ಕಂಡದ್ದು ಪುಟದ ಕೆಳಗೆ, ‘ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು’ ಎಂಬ ಕೊನೆಯ ಸಾಲಿನ ಪಕ್ಕದಲ್ಲಿ. ಮೊದಲು ಮಾಡಿದವರು ಬಾಕ್ಸ್ ಸೇರಿಸುವಾಗ ಕರ್ಸರ್ ಅಲ್ಲಿತ್ತು. ಆಮೇಲೆ ಯಾರೋ ‘ಲಾಕ್ ಆಂಕರ್’ ಟಿಕ್ ಹಾಕಿ ಬಾಕ್ಸನ್ನು ಮೇಲಕ್ಕೆಳೆದು ಮೂಲೆಯಲ್ಲಿಟ್ಟರು. ಬಾಕ್ಸು ಮೇಲೆ ಬಂತು, ಆಂಕರ್ ಕೆಳಗೇ ಉಳಿಯಿತು.

‘ನಾನೇನೂ ಮುಟ್ಟಿಲ್ಲ ಸಾರ್, ದಿನಾಂಕ ತಿದ್ದಿದ್ದು ಅಷ್ಟೆ’ ಅಂದರು ಸೆಕ್ರೆಟರಿ.

‘ವಿಷಯಸೂಚಿಗೆ ಏನಾದ್ರೂ ಸೇರಿಸಿದ್ರಾ ಅಣ್ಣ?’

‘ಪಶು ಆಹಾರದ್ದೊಂದು, ಕಟ್ಟಡದ್ದೊಂದು ಹಾಕಿದೆ. ಅದು ಕೆಳಗೆ ಐತಲ್ಲ, ಬಾಕ್ಸ್ ಮೇಲೈತೆ.’

ಅವರ ಮಾತು ನಿಜವೇ. ಬಾಕ್ಸಿನ ಹತ್ತಿರ ಅವರು ಸುಳಿದಿರಲಿಲ್ಲ. ಸೇರಿಸಿದ ಎರಡು ವಿಷಯಗಳು ಕೊನೆಯ ಸಾಲನ್ನು ಕೆಳಕ್ಕೆ ತಳ್ಳಿದವು, ಆ ಸಾಲು ತನಗೆ ಕಟ್ಟಿದ್ದ ಬಾಕ್ಸನ್ನೂ ಅಷ್ಟೇ ದೂರ ಕೆಳಗೆ ತಂದಿತು. ಕಣ್ಣಿಗೆ ಕಾಣುವ ಜಾಗವೇ ಒಂದು, ಬಾಕ್ಸು ಲೆಕ್ಕ ಹಿಡಿದಿರುವ ಜಾಗವೇ ಇನ್ನೊಂದು. ಹೆಚ್ಚಿನ ದೂರುಗಳ ಮೂಲ ಇದೇ.

ಎಂಟರ್ ಒತ್ತಿ ಪರೀಕ್ಷೆ

ಆಂಕರ್ ಇರುವ ಪ್ಯಾರಾದ ಮೇಲಿನ ಸಾಲಿಗೆ ಹೋಗಿ ಐದಾರು ಸಲ ಎಂಟರ್ ಒತ್ತಿ. ಕಣ್ಣು ಬಾಕ್ಸಿನ ಮೇಲಿರಲಿ.

ಪ್ಯಾರಾ ಇಳಿದಂತೆ ಬಾಕ್ಸೂ ಇಳಿದರೆ, ಅದು ಪಠ್ಯದ ಜೊತೆ ಚಲಿಸುವಂತೆ ಹೊಂದಿಸಲಾಗಿದೆ ಎಂದರ್ಥ. ಬಾಕ್ಸು ನಿಂತಲ್ಲೇ ನಿಂತು, ಆಂಕರಿನ ಪ್ಯಾರಾ ಎರಡನೇ ಪುಟಕ್ಕೆ ಜಾರಿದ ಕ್ಷಣ ತಾನೂ ಎರಡನೇ ಪುಟಕ್ಕೆ ಹಾರಿದರೆ, ಜಾಗ ಸರಿಯಾಗಿಯೇ ಹೊಂದಿಸಿದೆ, ಆಂಕರ್ ಮಾತ್ರ ತಪ್ಪು ಪ್ಯಾರಾದಲ್ಲಿದೆ. ಎಷ್ಟು ಎಂಟರ್ ಒತ್ತಿದರೂ ಬಾಕ್ಸು ಕದಲದಿದ್ದರೆ ದೋಷ ಬೇರೆ ಕಡೆ ಇದೆ: ಬಳಸುವವರ ಕೈ, ಫಾಂಟು, ಇಲ್ಲವೇ ಪ್ರಿಂಟರು. ಪರೀಕ್ಷೆ ಮುಗಿದ ಮೇಲೆ ಕಂಟ್ರೋಲ್ ಝಡ್ ಒತ್ತಿ ಫೈಲನ್ನು ಮೊದಲಿನಂತೆ ಮಾಡಿಕೊಳ್ಳಿ.

ಮೊದಲನೆಯದಕ್ಕೆ ಪರಿಹಾರ: ಬಾಕ್ಸಿನ ಅಂಚಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಮೋರ್ ಲೇಔಟ್ ಆಪ್ಷನ್ಸ್’ ತೆರೆಯಿರಿ. 2013 ಮತ್ತು ಅದರ ನಂತರದ ವರ್ಡ್‌ನಲ್ಲಿ ಬಾಕ್ಸನ್ನು ಆರಿಸಿದ ಕೂಡಲೇ ಪಕ್ಕದಲ್ಲಿ ಲೇಔಟ್ ಆಪ್ಷನ್ಸ್ ಎಂಬ ಸಣ್ಣ ಚಿಹ್ನೆ ಬರುತ್ತದೆ. ಅದನ್ನು ಒತ್ತಿ ‘ಫಿಕ್ಸ್ ಪೊಸಿಷನ್ ಆನ್ ಪೇಜ್’ ಆರಿಸಿದರೂ ಅರ್ಧ ಕೆಲಸ ಮುಗಿಯುತ್ತದೆ. ಆದರೆ ಪೂರ್ತಿ ಕಿಟಕಿ ತೆರೆದು ಅಂಕಿಗಳನ್ನು ಕೈಯಾರೆ ತುಂಬುವುದೇ ಒಳ್ಳೆಯದು ಎಂಬುದು ನನ್ನ ಅನುಭವ. ಪೊಸಿಷನ್ ಟ್ಯಾಬಿನಲ್ಲಿ ‘ಮೂವ್ ಆಬ್ಜೆಕ್ಟ್ ವಿತ್ ಟೆಕ್ಸ್ಟ್’ ಟಿಕ್ ತೆಗೆಯಿರಿ. ಅಡ್ಡ ಅಳತೆಯನ್ನೂ ಉದ್ದ ಅಳತೆಯನ್ನೂ ‘ಅಬ್ಸಲ್ಯೂಟ್ ಪೊಸಿಷನ್’ಗೆ ತಂದು, ಎದುರಿನ ಪಟ್ಟಿಯಲ್ಲಿ ಎರಡಕ್ಕೂ ‘ಪೇಜ್’ ಆರಿಸಿ. ಅಲ್ಲಿ ‘ಕಾಲಮ್’, ‘ಮಾರ್ಜಿನ್’, ‘ಪ್ಯಾರಾಗ್ರಾಫ್’ ಎಂದೆಲ್ಲ ಇರುತ್ತದೆ. ಮಾರ್ಜಿನ್ ಆರಿಸಿಟ್ಟರೆ ನಾಳೆ ಯಾರಾದರೂ ಪುಟದ ಅಂಚು ಕಡಿಮೆ ಮಾಡಿದಾಗ ಬಾಕ್ಸು ಮತ್ತೆ ಸರಿಯುತ್ತದೆ.

ಎ4 ಹಾಳೆ 21 ಸೆಂ.ಮೀ. ಅಗಲ, 29.7 ಸೆಂ.ಮೀ. ಉದ್ದ. ಬಾಕ್ಸಿನ ಅಗಲ 6 ಸೆಂ.ಮೀ. ಇದ್ದು ಬಲಗಡೆ 2 ಸೆಂ.ಮೀ. ಜಾಗ ಬಿಡಬೇಕಾದರೆ ಅಡ್ಡ ಅಳತೆಗೆ 13 ಸೆಂ.ಮೀ. ಕೊಡಿ. ಮೇಲಿನಿಂದ ಎಷ್ಟು ಬೇಕೋ ಅಷ್ಟನ್ನು ಉದ್ದ ಅಳತೆಗೆ ಕೊಡಿ. ಕಂಪ್ಯೂಟರಿನಲ್ಲಿ ಅಳತೆ ಇಂಚಿನಲ್ಲಿ ಕಾಣುತ್ತಿದ್ದರೂ ಅಂಕಿಯ ನಂತರ ಇಂಗ್ಲಿಷಿನಲ್ಲಿ cm ಎಂದು ಟೈಪ್ ಮಾಡಿದರೆ ವರ್ಡ್ ಒಪ್ಪಿಕೊಳ್ಳುತ್ತದೆ. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬಾಕ್ಸು ಎಂದಾದರೂ ಸರಿದರೆ ಕಣ್ಣಂದಾಜಿನಲ್ಲಿ ಎಳೆದಾಡದೆ ಅಂಕಿ ತುಂಬಿ ಅದೇ ಜಾಗಕ್ಕೆ ತರಬಹುದು.

ಎರಡನೆಯದಕ್ಕೆ, ಅಂದರೆ ಪುಟ ಹಾರುವ ಬಾಕ್ಸಿಗೆ, ಮೇಲಿನ ಅಂಕಿಗಳು ಸಾಲವು. ‘ಫಿಕ್ಸ್ ಪೊಸಿಷನ್ ಆನ್ ಪೇಜ್’ ಎಂದರೂ ವರ್ಡ್ ಬಾಕ್ಸನ್ನು ಇಡುವುದು ಆಂಕರ್ ಯಾವ ಪುಟದಲ್ಲಿದೆಯೋ ಆ ಪುಟದಲ್ಲೇ. ಹಾಗಾಗಿ ಆಂಕರನ್ನು ಸರಿಯಾದ ಪ್ಯಾರಾಕ್ಕೆ ತರಬೇಕು. ಬಾಕ್ಸನ್ನು ಆರಿಸಿ, ಆಂಕರ್ ಚಿಹ್ನೆಯನ್ನು ಮೌಸಿನಿಂದ ಹಿಡಿದು ಪುಟದ ಮೊದಲ ಪ್ಯಾರಾದ ಪಕ್ಕಕ್ಕೆ ಎಳೆಯಿರಿ. ನೋಟಿಸಿನಲ್ಲಿ ಅದು ಸಂಘದ ಹೆಸರಿರುವ ಸಾಲು. ಆ ಸಾಲು ಪುಟ ಬಿಟ್ಟು ಹೋಗುವುದಿಲ್ಲ. ಆಮೇಲೆ ಅದೇ ಪೊಸಿಷನ್ ಟ್ಯಾಬಿಗೆ ಹೋಗಿ ‘ಲಾಕ್ ಆಂಕರ್’ ಟಿಕ್ ಹಾಕಿ. ಆಂಕರ್ ಚಿಹ್ನೆಯ ಪಕ್ಕದಲ್ಲಿ ಸಣ್ಣ ಬೀಗ ಕಾಣಿಸಿದರೆ ಆಯಿತು. ಈ ಟಿಕ್ ಮೊದಲೇ ಬಿದ್ದಿದ್ದರೆ ಆಂಕರ್ ಎಳೆದರೂ ಬರುವುದಿಲ್ಲ. ಡೇರಿ ಫೈಲಿನಲ್ಲಿ ಆದದ್ದೂ ಹಾಗೆಯೇ, ಟಿಕ್ ತೆಗೆದು, ಆಂಕರ್ ಎಳೆದು, ಮತ್ತೆ ಟಿಕ್ ಹಾಕಬೇಕಾಯಿತು.

ಲಾಕ್ ಆಂಕರ್ ಮಸುಕಾಗಿ ಕಂಡು ಕ್ಲಿಕ್ಕಿಗೆ ಸಿಗುತ್ತಿಲ್ಲವೇ? ಬಾಕ್ಸು ‘ಇನ್ ಲೈನ್ ವಿತ್ ಟೆಕ್ಸ್ಟ್’ ಸ್ಥಿತಿಯಲ್ಲಿದೆ, ಸಾಲಿನೊಳಗೆ ಒಂದು ಅಕ್ಷರದ ಹಾಗೆ ಕೂತಿದೆ. ಅಂಥದ್ದಕ್ಕೆ ತೇಲುವ ಆಂಕರ್ ಇರುವುದಿಲ್ಲ. ತೇಲಿಸಬೇಕಿದ್ದರೆ ಟೆಕ್ಸ್ಟ್ ರಾಪಿಂಗ್ ಟ್ಯಾಬಿನಲ್ಲಿ ‘ಸ್ಕ್ವೇರ್’ ಅಥವಾ ‘ಇನ್ ಫ್ರಂಟ್ ಆಫ್ ಟೆಕ್ಸ್ಟ್’ಗೆ ಬದಲಿಸಿ.

ಬಾಕ್ಸೇ ಮಾಯವಾದರೆ

ಇದು ಸರಿಯುವುದಕ್ಕಿಂತ ಕೆಟ್ಟದ್ದು. ಆಂಕರ್ ಇರುವ ಪ್ಯಾರಾವನ್ನು ಪೂರ್ತಿ ಆರಿಸಿ ಡಿಲೀಟ್ ಮಾಡಿದರೆ ಬಾಕ್ಸೂ ಅದರ ಜೊತೆಗೇ ಹೋಗುತ್ತದೆ, ಆಂಕರಿಗೆ ಬೀಗ ಹಾಕಿದ್ದರೂ ಅಷ್ಟೆ. ಕೊನೆಯ ಸಾಲು ಬೇಡವೆಂದು ಅಳಿಸಿದವರಿಗೆ ಪುಟದ ಮೂಲೆಯ ಬಾಕ್ಸು ಹೋದದ್ದು ಗೊತ್ತೇ ಆಗುವುದಿಲ್ಲ, ಪ್ರಿಂಟ್ ಕೈಗೆ ಬಂದ ಮೇಲೆ ಹೌಹಾರುತ್ತಾರೆ. ಹಾಗೆಯೇ ಆ ಪ್ಯಾರಾವನ್ನು ಕಾಪಿ ಮಾಡಿ ಕೆಳಗೆ ಪೇಸ್ಟ್ ಮಾಡಿದರೆ ಬಾಕ್ಸಿಗೂ ಒಂದು ಜೋಡಿ ಹುಟ್ಟುತ್ತದೆ. ಅಳತೆ ಪುಟಕ್ಕೆ ಹೊಂದಿಸಿದ್ದಾಗ ಎರಡೂ ಒಂದರ ಮೇಲೊಂದು ಕೂತು ಒಂದೇ ಎಂದು ಕಾಣಬಹುದು. ಆಲ್ಟ್ ಮತ್ತು ಎಫ್10 ಒತ್ತಿದರೆ ಸೆಲೆಕ್ಷನ್ ಪೇನ್ ತೆರೆಯುತ್ತದೆ, ಪುಟದಲ್ಲಿರುವ ಬಾಕ್ಸುಗಳ ಪಟ್ಟಿ ಅಲ್ಲಿ ಸಿಗುತ್ತದೆ. ಹೆಸರಿನ ಮುಂದಿನ ಕಣ್ಣಿನ ಚಿಹ್ನೆ ಮುಚ್ಚಿದ್ದರೆ ಬಾಕ್ಸು ಇದ್ದೂ ಕಾಣುವುದಿಲ್ಲ.

ಫೈಲಿನ ಒಂದು ಬಾಕ್ಸೂ ತೆರೆಯ ಮೇಲೆ ಕಾಣದಿದ್ದರೆ ವ್ಯೂ ಟ್ಯಾಬಿನಲ್ಲಿ ‘ಪ್ರಿಂಟ್ ಲೇಔಟ್’ ಇದೆಯೇ ನೋಡಿ. ‘ಡ್ರಾಫ್ಟ್’ ನೋಟದಲ್ಲಿ ತೇಲುವ ಬಾಕ್ಸು ಕಾಣುವುದಿಲ್ಲ. ತೆರೆಯ ಮೇಲೆ ಇದೆ, ಕಾಗದದಲ್ಲಿ ಇಲ್ಲ ಎಂದಾದರೆ ಫೈಲ್, ಆಪ್ಷನ್ಸ್, ಡಿಸ್‌ಪ್ಲೇ ಒಳಗೆ ‘ಪ್ರಿಂಟ್ ಡ್ರಾಯಿಂಗ್ಸ್ ಕ್ರಿಯೇಟೆಡ್ ಇನ್ ವರ್ಡ್’ ಟಿಕ್ ತಪ್ಪಿಹೋಗಿರುತ್ತದೆ.

ಕಂಪ್ಯೂಟರ್ ಬದಲಾದರೆ ಕೆಡುವ ಕನ್ನಡ ಫೈಲು

ನಮ್ಮ ಭಾಷೆಯಲ್ಲಿ ಕೆಲಸ ಮಾಡುವವರು ಹೆಚ್ಚು ಗಮನ ಕೊಡಬೇಕಾದ ಭಾಗ ಇದು. ಅಂಗಡಿಯಲ್ಲಿ ಸರಿಯಿದ್ದ ಫೈಲು ಸಂಘದ ಆಫೀಸಿನಲ್ಲಿ ತೆರೆದಾಗ ಬಾಕ್ಸು ಸರಿದಿರುತ್ತದೆ. ಯಾರೂ ಏನೂ ಮುಟ್ಟಿಲ್ಲ. ಕಾರಣ ಫಾಂಟು. ಫೈಲಿನಲ್ಲಿ ಬಳಸಿದ ಫಾಂಟು ಆ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ವರ್ಡ್ ತನ್ನಲ್ಲಿರುವ ಇನ್ನೊಂದನ್ನು ಹಾಕಿಕೊಳ್ಳುತ್ತದೆ. ಅದರ ಅಕ್ಷರಗಳ ಅಗಲ ಬೇರೆ, ಸಾಲಿನ ಎತ್ತರ ಬೇರೆ. ಮೂವತ್ತು ಸಾಲಿನ ಪುಟ ಮೂವತ್ತೆರಡು ಸಾಲಾಗುತ್ತದೆ, ಕೊನೆಯ ಪ್ಯಾರಾ ಮುಂದಿನ ಪುಟಕ್ಕೆ ಬೀಳುತ್ತದೆ, ಅದಕ್ಕೆ ಕಟ್ಟಿದ್ದ ಬಾಕ್ಸೂ ಅದರ ಹಿಂದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಕನ್ನಡ ಯೂನಿಕೋಡಿಗೆ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ) ತುಂಗಾ ಫಾಂಟು ಬರುತ್ತಿತ್ತು, ವಿಂಡೋಸ್ 8ರಿಂದ ನಿರ್ಮಲಾ ಯುಐ ಬಂತು. ಒಂದರಲ್ಲಿ ಮಾಡಿದ ಪುಟ ಇನ್ನೊಂದರಲ್ಲಿ ಅದೇ ಸಾಲುಗಳಿಗೆ ಮುಗಿಯುತ್ತದೆ ಎಂದು ನಂಬುವಂತಿಲ್ಲ.

ಹಳೆಯ ನುಡಿ ಫಾಂಟಿನ ಫೈಲುಗಳದ್ದು ಇನ್ನೂ ಒಂದು ಹೆಜ್ಜೆ ಮುಂದಿನ ಕಥೆ. ಆ ಫಾಂಟುಗಳಲ್ಲಿ ಕನ್ನಡ ಅಕ್ಷರದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕೂತಿರುತ್ತವೆ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಪುಟವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಅದನ್ನು ಸರಿಪಡಿಸಲು ಕಂಟ್ರೋಲ್ ಎ ಒತ್ತಿ ಎಲ್ಲವನ್ನೂ ಆರಿಸಿ, ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಮುಖ್ಯ ಪಠ್ಯದಲ್ಲಿ ನಿಂತು ಕಂಟ್ರೋಲ್ ಎ ಒತ್ತಿದರೆ ತೇಲುವ ಬಾಕ್ಸಿನೊಳಗಿನ ಅಕ್ಷರಗಳಿಗೆ ಫಾಂಟು ಬದಲಾವಣೆ ತಟ್ಟುವುದಿಲ್ಲ. ವರ್ಡ್ ಅವನ್ನು ಬೇರೆಯೇ ಪಠ್ಯವೆಂದು ಇಟ್ಟುಕೊಂಡಿರುತ್ತದೆ. ಆದ್ದರಿಂದ ಪುಟವೆಲ್ಲ ಶುದ್ಧ ಕನ್ನಡ, ಬಾಕ್ಸಿನೊಳಗೆ ಮಾತ್ರ ಕಲಸುಮೇಲೋಗರ ಎಂಬ ದೂರು ಬಂದರೆ ಬೇರೆ ಕಾರಣ ಹುಡುಕಬೇಕಿಲ್ಲ. ಪ್ರತಿ ಬಾಕ್ಸಿನೊಳಗೂ ಕರ್ಸರ್ ಇಟ್ಟು, ಅಲ್ಲಿ ಕಂಟ್ರೋಲ್ ಎ ಒತ್ತಿ, ಪ್ರತ್ಯೇಕವಾಗಿ ಬದಲಿಸಬೇಕು.

ಫಾಂಟಿನ ಕಾಟಕ್ಕೆ ಒಳ್ಳೆಯ ದಾರಿ ಫೈಲಿನೊಳಗೇ ಫಾಂಟನ್ನು ಸೇರಿಸಿ ಕಳಿಸುವುದು. ಫೈಲ್, ಆಪ್ಷನ್ಸ್, ಸೇವ್ ಒಳಗೆ ‘ಎಂಬೆಡ್ ಫಾಂಟ್ಸ್ ಇನ್ ದ ಫೈಲ್’ ಟಿಕ್ ಹಾಕಿ ಉಳಿಸಿ. ಹಾಗೆ ಸೇರಿಸಲು ಅನುಮತಿ ಇರುವ ಫಾಂಟುಗಳಿಗೆ ಮಾತ್ರ ಇದು ನಡೆಯುತ್ತದೆ, ಫೈಲಿನ ಗಾತ್ರವೂ ಹೆಚ್ಚುತ್ತದೆ. ಮುಂದೆ ಯಾರೂ ತಿದ್ದುವುದಿಲ್ಲ, ಬರೀ ಪ್ರಿಂಟ್ ತೆಗೆಯುತ್ತಾರೆ ಎಂದಾದರೆ ಪಿಡಿಎಫ್ ಮಾಡಿ ಕೊಡಿ. ವಾಟ್ಸಾಪಿನಲ್ಲಿ ಹೋಗುವ ನೋಟಿಸಿಗಂತೂ ಪಿಡಿಎಫ್ ಬಿಟ್ಟು ಬೇರೆ ರೂಪ ಬೇಡ. ಫೋನಿನಲ್ಲಿ ಯಾರು ಯಾವ ಆ್ಯಪಿನಲ್ಲಿ ತೆರೆಯುತ್ತಾರೋ ಹೇಳಲಾಗದು.

ಬಾಕ್ಸು ಇದ್ದಲ್ಲೇ ಇದ್ದು, ಒಳಗಿನ ಅಕ್ಷರ ಕತ್ತರಿಸಿದಂತೆ ಕಂಡರೆ ಅದೂ ಇದೇ ಕುಟುಂಬದ ದೋಷ. ಬಾಕ್ಸಿನ ಕೊನೆಯ ಸಾಲನ್ನು ದೊಡ್ಡದು ಮಾಡಿ ನೋಡಿ. ‘ಸದಸ್ಯತ್ವ’ದಲ್ಲಿ ‘ಯ’ ಒತ್ತೂ ‘ವ’ ಒತ್ತೂ ಅರ್ಧಕ್ಕೆ ನಿಂತಿರುತ್ತವೆ, ‘ಸಂಖ್ಯೆ’ ಓದಿದರೆ ‘ಸಂಖೆ’ ಆಗಿರುತ್ತದೆ. ಕನ್ನಡದ ಒತ್ತಕ್ಷರಕ್ಕೆ ಸಾಲಿನ ಕೆಳಗೆ ಜಾಗ ಬೇಕು, ಇಂಗ್ಲಿಷ್ ಅಳತೆಗೆ ಹೊಲಿದ ಬಾಕ್ಸಿನಲ್ಲಿ ಅದು ಇರುವುದಿಲ್ಲ. ಅಂಚಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಫಾರ್ಮ್ಯಾಟ್ ಶೇಪ್’ ತೆರೆದು, ಲೇಔಟ್ ಮತ್ತು ಪ್ರಾಪರ್ಟೀಸ್ ಭಾಗದಲ್ಲಿ ಟೆಕ್ಸ್ಟ್ ಬಾಕ್ಸ್ ಶೀರ್ಷಿಕೆಯ ಕೆಳಗೆ ನೋಡಿ. ಒಳ ಅಂಚು ಸಾಮಾನ್ಯವಾಗಿ ಮೇಲೆ ಕೆಳಗೆ 0.13 ಸೆಂ.ಮೀ., ಎಡ ಬಲ 0.25 ಸೆಂ.ಮೀ. ಇರುತ್ತದೆ. ಬಾಕ್ಸಿನ ಎತ್ತರವನ್ನೇ ಸ್ವಲ್ಪ ಹೆಚ್ಚಿಸಿ. ‘ರೀಸೈಜ್ ಶೇಪ್ ಟು ಫಿಟ್ ಟೆಕ್ಸ್ಟ್’ ಟಿಕ್ ಹಾಕಿದರೆ ಅಕ್ಷರ ಕತ್ತರಿಸುವುದು ನಿಲ್ಲುತ್ತದೆ, ಆದರೆ ಹೆಸರು ಉದ್ದವಾದಾಗ ಬಾಕ್ಸು ತಾನೇ ಬೆಳೆದು ಕೆಳಗಿನ ಸಾಲುಗಳನ್ನು ತಳ್ಳುತ್ತದೆ. ಅಳತೆ ಬದಲಾಗಲೇಬಾರದು ಎನ್ನುವ ಕಡೆ ಆ ಟಿಕ್ ಬೇಡ. ಪ್ಯಾರಾದ ಲೈನ್ ಸ್ಪೇಸಿಂಗ್ ‘ಎಕ್ಸ್ಯಾಕ್ಟ್ಲಿ’ ಎಂದಿದ್ದರೂ ಒತ್ತಕ್ಷರ ತುಂಡಾಗುತ್ತದೆ, ಅದನ್ನು ‘ಸಿಂಗಲ್’ ಅಥವಾ ‘ಅಟ್ ಲೀಸ್ಟ್’ಗೆ ತನ್ನಿ.

ತೆರೆಯ ಮೇಲೆ ಸರಿ, ಪ್ರಿಂಟಿನಲ್ಲಿ ಮಾತ್ರ ಬಾಕ್ಸು ಮೇಲೆ ಕೆಳಗೆ ಬೀಳುತ್ತಿದ್ದರೆ ಹಾಳೆಯ ಅಳತೆ ನೋಡಿ. ಫೈಲು ಎ4, ಪ್ರಿಂಟರಿನಲ್ಲಿ ಲೆಟರ್ ಎಂದಿದ್ದರೆ ಹಾಳೆಯ ಉದ್ದ 27.94 ಸೆಂ.ಮೀ. ಎಂದು ಲೆಕ್ಕವಾಗುತ್ತದೆ, ಅಂದರೆ 1.76 ಸೆಂ.ಮೀ. ಕಡಿಮೆ. ವರ್ಡ್ ಪುಟವನ್ನು ಕುಗ್ಗಿಸಿ ಹೊಂದಿಸಿಕೊಳ್ಳುತ್ತದೆ. ಮೊದಲೇ ಅಚ್ಚಾದ ಪಟ್ಟಿಯ ಮೇಲೆ ನಂಬರ್ ಹೊಡೆಯುವ ಮಂಡಿಯವರಿಗೆ ಅಷ್ಟು ಸಾಕು, ನಂಬರು ಪಕ್ಕದ ಗೆರೆಯ ಮೇಲೆ ಹೋಗಿ ಕೂರಲು. ಕರಾರು ಪತ್ರದ ಲೀಗಲ್ ಹಾಳೆ 35.56 ಸೆಂ.ಮೀ. ಉದ್ದ. ಅದೇ ಫೈಲನ್ನು ತಿದ್ದಿ ನೋಟಿಸು ಮಾಡಿಕೊಂಡಿದ್ದರೆ ಮೊದಲು ಪೇಜ್ ಸೈಜ್ ಬದಲಿಸಿ, ಬಾಕ್ಸಿನ ಅಂಕಿಗಳನ್ನು ಆಮೇಲೆ ತುಂಬಿ.

ಕೈ ತಾಗಿ ಸರಿಯುವ ಬಾಕ್ಸು

ಎಂಟರ್ ಪರೀಕ್ಷೆಯಲ್ಲಿ ಕದಲದ ಬಾಕ್ಸು ಆಫೀಸಿನಲ್ಲಿ ಮಾತ್ರ ಸರಿಯುತ್ತದೆ, ಫಾಂಟೂ ಪ್ರಿಂಟರೂ ಸರಿ ಇವೆ ಎಂದಾದರೆ ಯಾರದೋ ಕೈ ತಾಗುತ್ತಿದೆ. ಒಳಗೆ ಕ್ಲಿಕ್ ಮಾಡಲು ಹೋಗಿ ಅಂಚು ಹಿಡಿದು ಎಳೆದಿರುತ್ತಾರೆ. ಅಂಚು ಆರಿಸಿದ ಸ್ಥಿತಿಯಲ್ಲಿ ಬಾಣದ ಕೀ ಒತ್ತಿದರೂ ಬಾಕ್ಸು ಚೂರುಚೂರೇ ಸರಿಯುತ್ತದೆ. ‘ಲಾಕ್ ಮಾಡಿಕೊಡಿ’ ಎನ್ನುವವರಿಗೆ ನಿಜವಾಗಿ ಬೇಕಿರುವುದು ಇಲ್ಲಿಯ ಪರಿಹಾರ.

ಬಾಕ್ಸಿನ ಒಳಗಿನ ಮಾತು ಎಂದೂ ಬದಲಾಗದಿದ್ದರೆ, ಉದಾಹರಣೆಗೆ ಸಂಘದ ವಿಳಾಸ, ನೋಂದಣಿ ಸಂಖ್ಯೆ, ಅದನ್ನು ಹೆಡರಿಗೆ, ಅಂದರೆ ಪ್ರತಿ ಪುಟದಲ್ಲೂ ತಾನಾಗಿ ಬರುವ ಮೇಲಂಚಿನ ಭಾಗಕ್ಕೆ, ಕಳಿಸಿ. ಬಾಕ್ಸಿನ ಅಂಚು ಕ್ಲಿಕ್ ಮಾಡಿ ಕಂಟ್ರೋಲ್ ಎಕ್ಸ್ ಒತ್ತಿ, ಪುಟದ ಮೇಲಂಚಿನ ಖಾಲಿ ಜಾಗದಲ್ಲಿ ಡಬಲ್ ಕ್ಲಿಕ್ ಮಾಡಿ ಹೆಡರ್ ತೆರೆದು, ಅಲ್ಲಿ ಪೇಸ್ಟ್ ಮಾಡಿ, ಅಂಕಿ ತುಂಬಿ ಜಾಗಕ್ಕೆ ತಂದು, ಎಸ್ಕೇಪ್ ಒತ್ತಿ ಹೊರಬನ್ನಿ. ಹೆಡರಿಗೆ ಸೇರಿದ ಬಾಕ್ಸು ಪುಟದ ಮೇಲ್ಭಾಗದಲ್ಲೇ ಇರಬೇಕೆಂದಿಲ್ಲ, ನಡುವೆಯೋ ಕೆಳಗೋ ಎಲ್ಲಿ ಬೇಕಾದರೂ ಇಡಬಹುದು. ಪಠ್ಯ ಟೈಪ್ ಮಾಡುವವರ ಮೌಸು ಅದನ್ನು ಹಿಡಿಯಲಾರದು, ಅವರು ಯಾವ ಪ್ಯಾರಾ ಅಳಿಸಿದರೂ ಅದು ಅಳಿಯುವುದಿಲ್ಲ. ತೆರೆಯ ಮೇಲೆ ಮಸುಕಾಗಿ ಕಂಡರೂ ಕಾಗದದಲ್ಲಿ ಗಾಢವಾಗಿಯೇ ಬರುತ್ತದೆ. ಮೊದಲ ಪುಟದಲ್ಲಿ ಮಾತ್ರ ಬೇಕೆಂದರೆ ಪೇಸ್ಟ್ ಮಾಡುವ ಮೊದಲು ‘ಡಿಫರೆಂಟ್ ಫಸ್ಟ್ ಪೇಜ್’ ಟಿಕ್ ಹಾಕಿಕೊಳ್ಳಿ. ಇರುವ ದಾರಿಗಳಲ್ಲಿ ನಾನು ಮೊದಲು ಹಿಡಿಯುವುದು ಇದನ್ನೇ. ಪಾಸ್‌ವರ್ಡ್ ಇಲ್ಲ, ಮರೆಯುವ ಭಯವಿಲ್ಲ, ಹಳೆಯ ವರ್ಡ್‌ನಲ್ಲೂ ನಡೆಯುತ್ತದೆ.

ಬಾಕ್ಸಿನೊಳಗೆ ಪ್ರತಿ ಸಲ ಹೊಸದಾಗಿ ತುಂಬಬೇಕಾದರೆ ಹೆಡರ್ ಅನುಕೂಲವಲ್ಲ. ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ: ಇದು ಟೆಕ್ಸ್ಟ್ ಬಾಕ್ಸೇ ಆಗಬೇಕೇ? ನನ್ನ ಅಭಿಪ್ರಾಯದಲ್ಲಿ ಹೆಸರು, ಸಂಖ್ಯೆ, ಅಂಕಗಳನ್ನು ತುಂಬುವ ಚೌಕಗಳಿಗೆ ಟೇಬಲ್ಲೇ ಸರಿ. ಪ್ರಶ್ನೆಪತ್ರಿಕೆಯ ನೋಂದಣಿ ಸಂಖ್ಯೆಗೆ ಮೇಷ್ಟ್ರು ಒಂದೊಂದು ಅಂಕಿಗೂ ಒಂದೊಂದು ಬಾಕ್ಸು ಎಳೆದಿರುತ್ತಾರೆ. ಪ್ರತಿಯೊಂದಕ್ಕೂ ಅದರದೇ ಆಂಕರ್, ಹಾಗಾಗಿ ಅವು ಒಟ್ಟಾಗಿ ಸರಿಯುವುದೂ ಇಲ್ಲ, ಚದುರಿಹೋಗುತ್ತವೆ. ಒಂದು ಸಾಲಿನ ಟೇಬಲ್ ಹಾಕಿ, ಟೇಬಲ್ ಪ್ರಾಪರ್ಟೀಸ್ ಒಳಗೆ ರೋ ಟ್ಯಾಬಿನಲ್ಲಿ ಎತ್ತರ ಕೊಟ್ಟು ‘ಎಕ್ಸ್ಯಾಕ್ಟ್ಲಿ’ ಆರಿಸಿ. ಟೇಬಲ್ ಟ್ಯಾಬಿನ ಆಪ್ಷನ್ಸ್ ಒಳಗೆ ‘ಆಟೊಮ್ಯಾಟಿಕಲಿ ರೀಸೈಜ್ ಟು ಫಿಟ್ ಕಂಟೆಂಟ್ಸ್’ ಟಿಕ್ ತೆಗೆಯಿರಿ, ಟೆಕ್ಸ್ಟ್ ರಾಪಿಂಗ್ ‘ನನ್’ ಇರಲಿ. ಆ ಚೌಕಗಳು ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಬಾಕ್ಸುಗಳನ್ನೇ ಉಳಿಸಿಕೊಳ್ಳಬೇಕೆಂದರೆ ಕಂಟ್ರೋಲ್ ಒತ್ತಿ ಹಿಡಿದು ಎಲ್ಲವನ್ನೂ ಆರಿಸಿ ‘ಗ್ರೂಪ್’ ಮಾಡಿ. ಗುಂಪಿಗೆಲ್ಲ ಒಂದೇ ಆಂಕರ್ ಆಗುತ್ತದೆ.

ರಿಸ್ಟ್ರಿಕ್ಟ್ ಎಡಿಟಿಂಗ್ ಬಳಸುವುದು

ಹಲವರು ಕೈಯಾಡಿಸುವ ಫೈಲಿಗೆ ಗಟ್ಟಿ ಬಂದೋಬಸ್ತು ಬೇಕೆಂದರೆ ರಿವ್ಯೂ ಟ್ಯಾಬಿನ ‘ರಿಸ್ಟ್ರಿಕ್ಟ್ ಎಡಿಟಿಂಗ್’ ಇದೆ. ಇದನ್ನು ಫೈಲಿಗೆಲ್ಲ ಒಟ್ಟಾಗಿ ಹಾಕಿದರೆ ಸೆಕ್ರೆಟರಿಗೆ ದಿನಾಂಕವನ್ನೂ ತಿದ್ದಲಾಗುವುದಿಲ್ಲ. ಹಾಗಾಗಿ ಫೈಲನ್ನು ಎರಡು ಸೆಕ್ಷನ್ ಮಾಡಿಕೊಳ್ಳಿ. ಸಂಘದ ಹೆಸರು, ವಿಳಾಸ ಮುಗಿದ ಕಡೆ ಕರ್ಸರ್ ಇಟ್ಟು ಲೇಔಟ್ ಟ್ಯಾಬ್, ಬ್ರೇಕ್ಸ್, ‘ಕಂಟಿನ್ಯೂಅಸ್’ ಒತ್ತಿ. ಪುಟ ಒಡೆಯುವುದಿಲ್ಲ, ಭಾಗ ಮಾತ್ರ ಬೇರೆಯಾಗುತ್ತದೆ. ಬಾಕ್ಸಿನ ಆಂಕರ್ ಮೊದಲ ಭಾಗದಲ್ಲೇ ಇದೆಯೆಂದು ಖಚಿತಪಡಿಸಿಕೊಳ್ಳಿ. ಎರಡನೇ ಭಾಗಕ್ಕೆ ಸೇರಿದ್ದರೆ ಮಾಡಿದ್ದೆಲ್ಲ ವ್ಯರ್ಥ.

ಈಗ ರಿಸ್ಟ್ರಿಕ್ಟ್ ಎಡಿಟಿಂಗ್ ಒತ್ತಿ. ಬಲಗಡೆ ತೆರೆಯುವ ಫಲಕದಲ್ಲಿ ಎರಡನೇ ಅಂಶಕ್ಕೆ ಟಿಕ್ ಹಾಕಿ, ಪಟ್ಟಿಯಿಂದ ‘ಫಿಲ್ಲಿಂಗ್ ಇನ್ ಫಾರ್ಮ್ಸ್’ ಆರಿಸಿ. ಅದರ ಕೆಳಗೆ ‘ಸೆಲೆಕ್ಟ್ ಸೆಕ್ಷನ್ಸ್’ ಎಂದು ಕಾಣುತ್ತದೆ. ಕಾಣದಿದ್ದರೆ ಸೆಕ್ಷನ್ ಬ್ರೇಕ್ ಬಿದ್ದಿಲ್ಲ, ಹಿಂದಕ್ಕೆ ಹೋಗಿ. ಅಲ್ಲಿ ಸೆಕ್ಷನ್ 1 ಟಿಕ್ ಉಳಿಸಿ, ಸೆಕ್ಷನ್ 2 ಟಿಕ್ ತೆಗೆದು, ‘ಯೆಸ್, ಸ್ಟಾರ್ಟ್ ಎನ್‌ಫೋರ್ಸಿಂಗ್ ಪ್ರೊಟೆಕ್ಷನ್’ ಒತ್ತಿ. ಇನ್ನು ಮೇಲಿನ ಭಾಗದ ಬಾಕ್ಸನ್ನು ಹಿಡಿದು ಎಳೆಯಲಾಗದು, ಕೆಳಗಿನ ವಿಷಯಸೂಚಿಯನ್ನು ಎಷ್ಟು ಬೇಕಾದರೂ ತಿದ್ದಬಹುದು. ರಿಬ್ಬನ್ನಿನ ಕೆಲವು ಆಜ್ಞೆಗಳು ಮಸುಕಾಗುತ್ತವೆ, ಗಾಬರಿ ಬೇಡ, ರಕ್ಷಣೆ ತೆಗೆದಾಗ ಮರಳಿ ಬರುತ್ತವೆ.

ಈ ರಕ್ಷಣೆಯಲ್ಲಿ ಸದಸ್ಯರ ಹೆಸರಿನ ಬಾಕ್ಸಿನೊಳಗೂ ಟೈಪ್ ಮಾಡಲಾಗುವುದಿಲ್ಲ. ಹೆಸರನ್ನು ಪೆನ್ನಿನಲ್ಲಿ ಬರೆಯುವ ಸಂಘಗಳಿಗೆ ತೊಂದರೆಯಿಲ್ಲ. ಕಂಪ್ಯೂಟರಿನಲ್ಲೇ ತುಂಬುವವರು ಆ ಜಾಗವನ್ನು ಎರಡನೇ ಭಾಗದ ಟೇಬಲ್ಲಿಗೆ ತರಬೇಕು. ಅಕ್ಷರಗಳನ್ನು ಮಾತ್ರ ಯಾರೂ ಬದಲಿಸಬಾರದು ಎಂಬುದಕ್ಕೆ ಡೆವಲಪರ್ ಟ್ಯಾಬಿನ ರಿಚ್ ಟೆಕ್ಸ್ಟ್ ಕಂಟೆಂಟ್ ಕಂಟ್ರೋಲ್ ಹಾಕಿ, ಅದರ ಪ್ರಾಪರ್ಟೀಸ್‌ನಲ್ಲಿ ‘ಕಂಟೆಂಟ್ಸ್ ಕೆನಾಟ್ ಬಿ ಎಡಿಟೆಡ್’ ಟಿಕ್ ಹಾಕುವ ದಾರಿಯೂ ಇದೆ. ಅದು ಒಳಗಿನ ಮಾತಿಗೆ ಬೀಗ. ಬಾಕ್ಸು ಸರಿಯುವುದನ್ನು ಅದು ತಡೆಯದು.

ಪಾಸ್‌ವರ್ಡ್ ಕೇಳಿದಾಗ ಖಾಲಿ ಬಿಟ್ಟರೂ ನಡೆಯುತ್ತದೆ. ಅರಿಯದೆ ಕೈ ತಾಗುವುದನ್ನು ತಡೆಯಲು ಅಷ್ಟು ಸಾಕು. ಪಾಸ್‌ವರ್ಡ್ ಹಾಕಿದರೂ ಫೈಲು ಗುಪ್ತಲಿಪಿಗೆ ಹೋಗುವುದಿಲ್ಲ, ಬಿಡಿಸಲೇಬೇಕೆಂದು ಕೂತವರಿಗೆ ಬಿಡಿಸಲು ಬರುತ್ತದೆ. ಹಾಕಿದರೆ ಅದನ್ನು ಸಂಘದ ದಫ್ತರದಲ್ಲಿ ಬರೆಸಿ. ಸೆಕ್ರೆಟರಿ ಬದಲಾದ ವರ್ಷ ಪಾಸ್‌ವರ್ಡ್ ಸಿಗದೆ ನೋಟಿಸನ್ನು ಮೊದಲಿನಿಂದ ಟೈಪ್ ಮಾಡಿಸಿದ ಸಂಘಗಳಿವೆ.

ಲಿಬ್ರೆಆಫೀಸ್ ಬಳಸುವವರಿಗೆ

ವರ್ಡ್ ಬದಲು ಉಚಿತವಾಗಿ ಸಿಗುವ ಈ ತಂತ್ರಾಂಶ ಬಳಸುವವರ ಪಾಡು ಹಗುರ. ಲಿಬ್ರೆಆಫೀಸ್ ರೈಟರಿನಲ್ಲಿ ಬಾಕ್ಸಿನ ಜಾಗಕ್ಕೇ ಬೀಗ ಹಾಕುವ ಸೌಲಭ್ಯ ಇದೆ. ಬಾಕ್ಸು ಆರಿಸಿ ಎಫ್4 ಒತ್ತಿದರೆ ‘ಪೊಸಿಷನ್ ಆ್ಯಂಡ್ ಸೈಜ್’ ಕಿಟಕಿ ಬರುತ್ತದೆ, ಅಲ್ಲಿ ‘ಪ್ರೊಟೆಕ್ಟ್’ ಕೆಳಗೆ ಪೊಸಿಷನ್ ಟಿಕ್ ಹಾಕಿ. ಮೌಸಿನಿಂದ ಎಳೆದರೆ ಕದಲುವುದಿಲ್ಲ. ಇನ್ಸರ್ಟ್ ಮೆನುವಿನಿಂದ ‘ಫ್ರೇಮ್’ ಹಾಕಿದ್ದರೆ ಅದರ ಪ್ರಾಪರ್ಟೀಸ್‌ನ ಆಪ್ಷನ್ಸ್ ಟ್ಯಾಬಿನಲ್ಲಿ ಒಳಗಿನ ಪಠ್ಯ, ಜಾಗ, ಅಳತೆ ಮೂರಕ್ಕೂ ಬೇರೆ ಬೇರೆ ಟಿಕ್ ಇರುತ್ತದೆ. ಆಂಕರನ್ನು ಪ್ಯಾರಾಕ್ಕೆ ಬದಲು ‘ಟು ಪೇಜ್’ ಎಂದು ಪುಟಕ್ಕೇ ಕಟ್ಟಬಹುದು, ಆಗ ಪಠ್ಯ ಎಷ್ಟು ಬೆಳೆದರೂ ಕುಗ್ಗಿದರೂ ಬಾಕ್ಸಿಗೆ ಸಂಬಂಧವಿಲ್ಲ.

ಒಂದೇ ಎಚ್ಚರಿಕೆ: ಆ ಫೈಲನ್ನು ಲಿಬ್ರೆಆಫೀಸಿನದೇ ಆದ ಓಡಿಟಿ ರೂಪದಲ್ಲೇ ಉಳಿಸಿ. ವರ್ಡ್‌ನಲ್ಲಿ ಪುಟಕ್ಕೆ ಕಟ್ಟುವ ಆಂಕರ್ ಇಲ್ಲ. ವರ್ಡ್ ಫೈಲಿನ ಡಾಕ್ಸ್ ರೂಪಕ್ಕೆ ಬದಲಿಸಿ ಕೊಟ್ಟರೆ ಬಾಕ್ಸು ಮತ್ತೆ ಒಂದು ಪ್ಯಾರಾಕ್ಕೇ ಕಟ್ಟಿಕೊಳ್ಳುತ್ತದೆ, ಅತ್ತ ತೆರೆದವರ ಕೈಯಲ್ಲಿ ಸರಿಯುತ್ತದೆ. ಡಾಕ್ಸ್ ಕೊಡಲೇಬೇಕಾದರೆ ಕೊಡುವ ಮುನ್ನ ವರ್ಡ್ ಇರುವ ಕಂಪ್ಯೂಟರಿನಲ್ಲಿ ತೆರೆದು, ಆಂಕರ್ ಯಾವ ಪ್ಯಾರಾಕ್ಕೆ ಹೋಗಿದೆ ನೋಡಿ, ಮೊದಲ ಸಾಲಿಗೆ ಎಳೆದು ಉಳಿಸಿ ಕೊಡಿ.